ಪ್ಲೇಟ್‌ಲೆಟ್ ಸ್ನಿಪ್‌ಗಳಿಂದ ಲಿವರ್ ಕ್ಯಾನ್ಸರ್ ಅಪಾಯ ಅಳೆದದ್ದು: ನನ್ನ ಅನುಭವ

"ರಕ್ತಕಣದ ಸ್ನಿಪ್‌ಗಳು ಎಲ್ಲದಕ್ಕೂ ಅಂಟಿಕೊಂಡಿರುತ್ತವೆ, ಅದರಲ್ಲಿ ಎಂಆರ್ ಮಾಡಿದರೆ ಸಿಗುವುದು ಕಸ" ಎಂದು ಹೇಳಿದವರೇ ಜಾಸ್ತಿ. ಕಸ ಇತ್ತು ನಿಜ. ಅದನ್ನು ಬೇರ್ಪಡಿಸುವ ದಾರಿ ಸಿಕ್ಕಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಸ್ನಿಪ್ ಅಂದರೆ ಡಿಎನ್‌ಎಯಲ್ಲಿ ಜನರಿಂದ ಜನರಿಗೆ ಇರುವ ಒಂದಕ್ಷರದ ವ್ಯತ್ಯಾಸ. ಎಂಆರ್ (ಮೆಂಡೆಲಿಯನ್ ರ್ಯಾಂಡಮೈಸೇಶನ್) ಅಂದರೆ ಅಂಥ ಹುಟ್ಟಿನಿಂದ ಬಂದ ವ್ಯತ್ಯಾಸಗಳನ್ನು ಹಿಡಿದು ಒಂದು ಲಕ್ಷಣ ರೋಗಕ್ಕೆ ಕಾರಣವೇ ಎಂದು ನೋಡುವ ವಿಧಾನ. ಇಲ್ಲಿನ ಪ್ರಶ್ನೆ: ಪ್ಲೇಟ್‌ಲೆಟ್ ಎಣಿಕೆ ಲಿವರ್ ಕ್ಯಾನ್ಸರ್‌ಗೆ ಕಾರಣವೇ?

ತೊಡಕು ಇಷ್ಟೇ. ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ರೋಗ) ಆದವರಲ್ಲಿ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಪ್ಲೇಟ್‌ಲೆಟ್ ಹುಟ್ಟಿಸುವ ಹಾರ್ಮೋನ್ ಥ್ರಾಂಬೋಪೊಯೆಟಿನ್ ತಯಾರಿಸುವ ಲಿವರೇ ಸೊರಗಿರುತ್ತದೆ. ಹಾಗಾಗಿ ಕಡಿಮೆ ಪ್ಲೇಟ್‌ಲೆಟ್ ಇದ್ದವರಿಗೆ ಕ್ಯಾನ್ಸರ್ ಹೆಚ್ಚು ಎಂದು ಆಸ್ಪತ್ರೆಯ ದಾಖಲೆ ಹೇಳಿದರೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ತಿಳಿಯುವುದಿಲ್ಲ. ಜೀನ್ ಹಿಡಿದು ಹೋದರೆ ಬಿಡಿಸಬಹುದು ಎಂದುಕೊಂಡರೆ ಅದೇ ಗಂಟು ಅಲ್ಲೂ ಇದೆ: ಐದು ಲಕ್ಷ ಜನರ ಜಿವಾಸ್‌ನಲ್ಲಿ (ಡಿಎನ್‌ಎ ಪೂರ್ತಿ ಜಾಲಾಡಿ ಲಕ್ಷಣದ ಜೊತೆ ನಂಟಿರುವ ಸ್ನಿಪ್ ಹುಡುಕುವ ಅಧ್ಯಯನ) ಲಿವರ್ ಕೆಡಿಸುವ ಜೀನ್‌ಗಳೂ "ಪ್ಲೇಟ್‌ಲೆಟ್ ಜೀನ್" ಆಗಿ ಹೊರಬೀಳುತ್ತವೆ. ಪಿಎನ್‌ಪಿಎಲ್‌ಎ3 ಜೀನ್‌ನ ಆರ್‌ಎಸ್738409 ಅದಕ್ಕೆ ಒಳ್ಳೆಯ ಉದಾಹರಣೆ. ಅದು ಲಿವರ್‌ನಲ್ಲಿ ಕೊಬ್ಬು ಕೂಡಿಸುವ ಸ್ನಿಪ್, ಪ್ಲೇಟ್‌ಲೆಟ್ ಇಳಿಯುವುದು ಆಮೇಲಿನ ಮಾತು.

ದತ್ತಾಂಶ: ರಕ್ತಕಣಗಳಿಗೆ 2020ರ ಬ್ಲಡ್ ಸೆಲ್ ಕನ್ಸಾರ್ಟಿಯಂ ಸಾರಾಂಶ ಕಡತಗಳು (ಸ್ನಿಪ್‌ವಾರು ಫಲಿತಾಂಶದ ಪಟ್ಟಿ), ಯುರೋಪಿಯನ್ ಮೂಲದ 5,63,085 ಜನ, 29 ಲಕ್ಷಣಗಳು. ಕ್ಯಾನ್ಸರ್‌ಗೆ ಬಯೋಬ್ಯಾಂಕ್ ಜಪಾನ್, 1,866 ಪ್ರಕರಣ. ಮೊದಲು ಕೈಹಾಕಿದ್ದು ಯುಕೆ ಬಯೋಬ್ಯಾಂಕ್‌ನದಕ್ಕೆ, ಅದರಲ್ಲಿ ಇದ್ದದ್ದು 168 ಪ್ರಕರಣ. ಅಲ್ಲೇ ಮೊದಲ ಮುಗ್ಗರಿಕೆ. ಆಡ್ಸ್ ಅನುಪಾತ (ಅಪಾಯ ಎಷ್ಟು ಪಟ್ಟು ಎಂಬ ಅಳತೆ, 1 ಅಂದರೆ ವ್ಯತ್ಯಾಸವಿಲ್ಲ) 0.9999 ಎಂದು ಬಂತು, ವಿಶ್ವಾಸ ಅಂತರವೂ ಕೂದಲೆಳೆಯಷ್ಟು ತೆಳು. ಖುಷಿಪಡುವ ಹಾಗಿಲ್ಲ. ಆ ಕಡತದ ಬೀಟಾ (ಸ್ನಿಪ್‌ನ ಪರಿಣಾಮದ ಅಂದಾಜು) ಲೀನಿಯರ್ ಮಿಕ್ಸೆಡ್ ಮಾಡೆಲ್‌ನದು, ಅಂದರೆ ರೋಗವನ್ನು 0–1 ಸಂಖ್ಯೆಯಾಗಿ ಎಣಿಸಿ ಬಂದದ್ದು, ಲಾಗ್ ಆಡ್ಸ್ ಅಲ್ಲ. ಪ್ರಕರಣಗಳ ಪಾಲನ್ನು μ ಎಂದುಕೊಂಡು ಬೀಟಾವನ್ನೂ ಅದರ ಸ್ಟ್ಯಾಂಡರ್ಡ್ ಎರರ್ (ಎಸ್‌ಇ) ಅನ್ನೂ μ(1−μ)ನಿಂದ ಭಾಗಿಸಬೇಕು. ಇಲ್ಲಿ μ ಸುಮಾರು 0.00045, ಅಂದರೆ ಎರಡು ಸಾವಿರ ಪಟ್ಟಿನ ವ್ಯತ್ಯಾಸ. ಆಡ್ಸ್ ಅನುಪಾತ 1.000ರ ಸುತ್ತ ಸುತ್ತುತ್ತಿದ್ದರೆ ಮೊದಲು ಇದನ್ನು ನೋಡಿ. ಸರಿಪಡಿಸಿದ ಮೇಲೆ ಅಂತರ ಬಾಗಿಲಷ್ಟು ಅಗಲವಾಯಿತು.

ಶಕ್ತಿಯ ಲೆಕ್ಕವನ್ನು (ಎಷ್ಟು ಸಣ್ಣ ಪರಿಣಾಮ ಕಾಣಬಲ್ಲದು ಎಂಬುದನ್ನು) ಮೊದಲೇ ಹಾಕಿದ್ದರೆ ಇದರಲ್ಲಿ ಕಳೆದ ಮೂರು ವಾರ ಉಳಿಯುತ್ತಿತ್ತು. ಪ್ರಕರಣ ಅಪರೂಪವಾದಾಗ ಎಸ್‌ಇ ಸುಮಾರು 1/√(ಪ್ರಕರಣ × ಆರ್‌ವರ್ಗ). ಆರ್‌ವರ್ಗ ಅಂದರೆ ಲಕ್ಷಣದ ವ್ಯತ್ಯಾಸದಲ್ಲಿ ಸ್ನಿಪ್‌ಗಳು ವಿವರಿಸುವ ಪಾಲು. ಪ್ಲೇಟ್‌ಲೆಟ್ ಎಣಿಕೆಗೆ ಆರ್‌ವರ್ಗ 0.15 ಎಂದಿಟ್ಟರೆ 168 ಪ್ರಕರಣಕ್ಕೆ 0.2, 1,866ಕ್ಕೆ 0.06. ಶೇ 80 ಶಕ್ತಿಗೆ ಇದನ್ನು 2.8ರಿಂದ ಗುಣಿಸಿ: ಮೊದಲನೆಯದರಲ್ಲಿ 1.75ಕ್ಕಿಂತ ಸಣ್ಣ ಆಡ್ಸ್ ಅನುಪಾತ ಕಾಣುವುದೇ ಇಲ್ಲ, ಎರಡನೆಯದರಲ್ಲಿ 1.18ರವರೆಗೆ ಕಾಣುತ್ತದೆ. ಆದರೆ ಇಲ್ಲಿ ಯುರೋಪಿಯನ್ ಸ್ನಿಪ್‌ಗಳನ್ನು ಜಪಾನಿನ ಮೇಲೆ ಹಾಕುವುದರಿಂದ ಆರ್‌ವರ್ಗ ಕುಸಿಯುತ್ತದೆ. ಪೂರ್ವ ಏಷ್ಯಾದ ಸ್ನಿಪ್‌ಗಳನ್ನೇ ಬಳಸಿದರೆ ಎರಡು ಮಾದರಿಗಳಲ್ಲೂ ಅದೇ ಬಯೋಬ್ಯಾಂಕ್ ಜನ ಬರುತ್ತಾರೆ. ಎರಡನ್ನೂ ಓಡಿಸಿ, ದಿಕ್ಕು ಒಂದೇ ಇದ್ದರೆ ಮಾತ್ರ ನಂಬಿದೆ.

ಕ್ಲಂಪಿಂಗ್ (ಒಟ್ಟಿಗೆ ಸಾಗುವ ಅಕ್ಕಪಕ್ಕದ ಸ್ನಿಪ್‌ಗಳಲ್ಲಿ ಒಂದನ್ನೇ ಉಳಿಸುವುದು) ಮಾಮೂಲಿ: ಪಿ 5×10⁻⁸, ಸ್ನಿಪ್‌ಗಳ ನಡುವಿನ ನಂಟಿನ ಆರ್‌ವರ್ಗ 0.001, 10,000 ಕೆಬಿ. ಸರ್ವರ್‌ಗೆ ಕಳಿಸಬೇಡಿ, ಪ್ಲಿಂಕ್ ತಂತ್ರಾಂಶ ಇಟ್ಟುಕೊಂಡು ನಿಮ್ಮ ಯಂತ್ರದಲ್ಲೇ ಮಾಡಿ. ಕ್ರೋಮೋಸೋಮ್ 6ರ 25–34 ಎಂಬಿ ಎಚ್‌ಎಲ್‌ಎ (ರೋಗನಿರೋಧಕ ಜೀನ್‌ಗಳ) ಪ್ರದೇಶವನ್ನು ಪೂರ್ತಿ ಕಿತ್ತುಹಾಕಿದೆ, ಯಾಕೆಂದರೆ ಹೆಪಟೈಟಿಸ್ ಬಿ ಸೋಂಕು ಉಳಿಯುವುದರಲ್ಲಿ ಬಿಡುವುದರಲ್ಲಿ ಆ ಜೀನ್‌ಗಳ ಕೈವಾಡ ಇದೆ. ಆರ್‌ಎಸ್ ಸಂಖ್ಯೆ ಒಂದನ್ನೇ ನಂಬಿ ಜೋಡಿಸಿದರೆ ಬಹು ಅಲೀಲ್ (ಒಂದೇ ಜಾಗದಲ್ಲಿ ಎರಡಕ್ಕಿಂತ ಹೆಚ್ಚು ಅಕ್ಷರ ಸಾಧ್ಯವಿರುವ) ಜಾಗಗಳಲ್ಲಿ ತಪ್ಪು ಅಲೀಲ್ ಕೂರುತ್ತದೆ. ಕ್ರೋಮೋಸೋಮ್, ಸ್ಥಾನ, ಎರಡೂ ಅಲೀಲ್ ಸೇರಿಸಿ ಕೀಲಿ ಮಾಡಿಕೊಳ್ಳಿ. ಫಿನ್‌ಲೆಂಡಿನ ಫಿನ್‌ಜೆನ್ ದತ್ತಾಂಶ ಸೇರಿಸುವವರು ಅದರ ಸ್ಥಾನಗಳು ಜೀನೋಮ್ ನಕ್ಷೆಯ ಬಿಲ್ಡ್ 38ರವು, ಉಳಿದವು 37ರವು ಎಂಬುದನ್ನು ಮರೆಯಬೇಡಿ. ಪ್ಯಾಲಿಂಡ್ರೋಮಿಕ್ ಸ್ನಿಪ್‌ಗಳಲ್ಲಿ (A/T ಅಥವಾ C/G, ಡಿಎನ್‌ಎಯ ಯಾವ ಎಳೆಯಿಂದ ಓದಿದ್ದು ಎಂದು ತಿಳಿಯದವು) ಕಡಿಮೆ ಕಾಣುವ ಅಲೀಲ್‌ನ ಪ್ರಮಾಣ 0.42 ದಾಟಿದ್ದನ್ನು ಮೊದಲು ಬಿಟ್ಟೆ. ಎರಡು ಜನಸಮೂಹ ಬೆರೆಸುವಾಗ ಪ್ರಮಾಣ ನೋಡಿ ಎಳೆ ಊಹಿಸುವುದೇ ಅಪಾಯ, ಆದ್ದರಿಂದ ಕೊನೆಗೆ ಪ್ಯಾಲಿಂಡ್ರೋಮಿಕ್ ಆದದ್ದನ್ನೆಲ್ಲ ಬಿಟ್ಟೆ. ಕಳೆದುಕೊಂಡದ್ದು ಹೆಚ್ಚೇನಿಲ್ಲ.

ಹೀಗೆ ಉಳಿದದ್ದು ಸುಮಾರು ಐನೂರು ಸ್ನಿಪ್. ಐವಿಡಬ್ಲ್ಯು (ಎಲ್ಲ ಸ್ನಿಪ್‌ಗಳ ತೂಕದ ಸರಾಸರಿ) "ಪ್ಲೇಟ್‌ಲೆಟ್ ಹೆಚ್ಚಿದ್ದರೆ ರಕ್ಷಣೆ" ಅನ್ನುತ್ತದೆ, ಎಗ್ಗರ್ (ಬೇರೆ ದಾರಿಯಿಂದ ರೋಗಕ್ಕೆ ಹೋಗುವ ಸ್ನಿಪ್‌ಗಳನ್ನು ಲೆಕ್ಕಕ್ಕೆ ಹಿಡಿಯುವ ವಿಧಾನ) ಇನ್ನೊಂದು ದಿಕ್ಕಿಗೆ ಎಳೆಯುತ್ತದೆ, ಸ್ನಿಪ್‌ಗಳ ನಡುವಿನ ಭಿನ್ನಮತ ಅಳೆಯುವ ಕಾಕ್ರನ್ ಕ್ಯೂ ಆಕಾಶದಲ್ಲಿ. ಲೀವ್-ಒನ್-ಔಟ್ (ಒಂದೊಂದೇ ಸ್ನಿಪ್ ಬಿಟ್ಟು ನೋಡುವ) ಚಿತ್ರ ಮಾತ್ರ ಗೆರೆ ಎಳೆದಂತೆ ನೇರ! ನನ್ನನ್ನು ಹೆಚ್ಚು ದಿನ ಮೋಸಗೊಳಿಸಿದ್ದು ಇದೇ. ಲಿವರ್ ಜೀನ್‌ಗಳು ಒಂದೇ ದಿಕ್ಕಿಗೆ ಗುಂಪಾಗಿ ಎಳೆಯುತ್ತವೆ. ಒಂದನ್ನು ತೆಗೆದರೆ ಉಳಿದವು ಜಾಗ ತುಂಬುತ್ತವೆ. ತೆಗೆದರೆ ಗುಂಪನ್ನೇ ತೆಗೆಯಬೇಕು.

ಎಂಆರ್-ಪ್ರೆಸ್ಸೊ (ಸಾಲಿಗೆ ಸೇರದ ಸ್ನಿಪ್‌ಗಳನ್ನು ಹುಡುಕುವ ತಂತ್ರಾಂಶ) ಆ ಕೆಲಸ ಮಾಡುತ್ತದೆ ಎಂದುಕೊಂಡು ದುಡ್ಡು ಸುಟ್ಟೆ. ಐನೂರು ಸ್ನಿಪ್‌ಗೆ ಹೊರಗುಳಿಯುವವನ್ನು 0.05 ಮಟ್ಟದಲ್ಲಿ ಗುರುತಿಸಬೇಕಾದರೆ ಸಿಮ್ಯುಲೇಶನ್ ಸಂಖ್ಯೆ 500/0.05, ಅಂದರೆ ಹತ್ತು ಸಾವಿರಕ್ಕಿಂತ ಹೆಚ್ಚು ಬೇಕು. ಸಾವಿರಕ್ಕೇ ನಿಲ್ಲಿಸಿದವರಿಗೆ ಸಿಕ್ಕಿದ "ಹೊರಗುಳಿದವು ಇಲ್ಲ" ಎಂಬ ಉತ್ತರಕ್ಕೆ ಅರ್ಥವಿಲ್ಲ. ಬಾಡಿಗೆ ಯಂತ್ರದಲ್ಲಿ ಅದು ಎರಡು ದಿನ ಓಡಿ ಮೆಮೊರಿ ಸಾಲದೆ ಸತ್ತಿತು, ಬಿಲ್ ಮಾತ್ರ ಸಾಯಲಿಲ್ಲ. ಇಡೀ ಕೆಲಸದಲ್ಲಿ ಕೈಯಿಂದ ಹೋದ ದುಡ್ಡಿನ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಸಾರಾಂಶ ಕಡತಗಳಂತೂ ಪುಕ್ಕಟೆ. ಅದೇ ಕೆಲಸದ ಇನ್ನೊಂದು ವಿಧಾನ ರೇಡಿಯಲ್ ಎಂಆರ್ ಹೊರಗುಳಿಯುವ ಸ್ನಿಪ್‌ಗಳನ್ನು ನಿಮಿಷದಲ್ಲಿ ಹಿಡಿದುಕೊಟ್ಟಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಇದು: ಸ್ಟೈಗರ್ ಸೋಸುವಿಕೆಯನ್ನು (ಸ್ನಿಪ್ ಎರಡು ಲಕ್ಷಣಗಳಲ್ಲಿ ಯಾವುದನ್ನು ಹೆಚ್ಚು ವಿವರಿಸುತ್ತದೆ ಎಂದು ನೋಡಿ ಸೋಸುವುದು) ಕ್ಯಾನ್ಸರ್ ವಿರುದ್ಧ ಹಾಕದೆ ಎಎಲ್‌ಟಿ (ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವ) ವಿರುದ್ಧ ಹಾಕುವುದು. ಎರಡು ಸಾವಿರ ಪ್ರಕರಣದ ಜಿವಾಸ್‌ಗೆ ಯಾವ ಸ್ನಿಪ್ ಲಿವರ್‌ನದು ಎಂದು ಹೇಳುವ ತ್ರಾಣವೇ ಇಲ್ಲ, ಬಹುಪಾಲು ಸ್ನಿಪ್ ಪಾಸಾಗಿಬಿಡುತ್ತವೆ. ಲಿವರ್ ಕಿಣ್ವಗಳಿಗೆ ನಾಲ್ಕು ಲಕ್ಷ ದಾಟಿದ ಮಾದರಿ ಇದೆ. ಸ್ನಿಪ್ ಪ್ಲೇಟ್‌ಲೆಟ್‌ಗಿಂತ ಎಎಲ್‌ಟಿಯ ವ್ಯತ್ಯಾಸವನ್ನು ಹೆಚ್ಚು ವಿವರಿಸಿದರೆ ಹೊರಗೆ. ಸಿರೋಸಿಸ್, ಲಿವರ್ ಕೊಬ್ಬು ಇವುಗಳ ವಿರುದ್ಧವೂ ಒಂದೊಂದು ಸುತ್ತು. ಪಿಎನ್‌ಪಿಎಲ್‌ಎ3, ಟಿಎಂ6ಎಸ್‌ಎಫ್2 ಬಗೆಯ ಲಿವರ್ ಜೀನ್‌ಗಳು ಹೋಗುತ್ತವೆ, ಎಸ್‌ಎಚ್2ಬಿ3ಯಂಥ ಎಲ್ಲೆಡೆ ಕಾಲಿಡುವವನ್ನು ಕೈಯಿಂದ ತೆಗೆಯಬೇಕು. ಸುಮ್ಮನೆ ಪಿ ಬೆಲೆ ನೋಡಿ ಎಎಲ್‌ಟಿ ಸೋಕಿದ್ದನ್ನೆಲ್ಲ ತೆಗೆದರೆ ಕಾಳೂ ಜೊಳ್ಳಿನ ಜೊತೆ ಹೋಗುತ್ತದೆ: ಪ್ಲೇಟ್‌ಲೆಟ್‌ನಿಂದಲೇ ಲಿವರ್‌ಗೆ ಹೋಗುವ ದಾರಿ ಇದ್ದರೆ ಅದೂ ಮುಚ್ಚಿಹೋಯಿತು. ಮೂರು ಸುತ್ತುಗಳನ್ನು ಯಾವ ಕ್ರಮದಲ್ಲಿ, ಯಾವ ಮಿತಿಯಲ್ಲಿ ಹಾಕಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೀಗೆ ಸೋಸಿ ಹೊರಹಾಕಿದ್ದು ಮೂವತ್ತು–ನಲವತ್ತು ಸ್ನಿಪ್. ಐವಿಡಬ್ಲ್ಯು, ವೆಯ್ಟೆಡ್ ಮೀಡಿಯನ್, ಎಗ್ಗರ್ ಮೂರೂ ಒಂದೇ ಕಡೆಗೆ ಬಂದು ಕೂತವು, ಎಗ್ಗರ್ ಇಂಟರ್‌ಸೆಪ್ಟ್ (ಸ್ನಿಪ್‌ಗಳ ಸರಾಸರಿ ಅಡ್ಡದಾರಿ ಪರಿಣಾಮ) ಸೊನ್ನೆಗೆ ಅಂಟಿತು, ಮೊದಲು ಕಂಡ "ರಕ್ಷಣೆ" ಬಹುಪಾಲು ಕರಗಿತು.

ಅನುಮಾನಪಟ್ಟವರ ಬಾಯಿ ಮುಚ್ಚಿಸಿದ್ದು ಹೊರಹಾಕಿದ ಸ್ನಿಪ್‌ಗಳೇ. ಅವನ್ನು ಬಿಸಾಡದೆ ತಿರುಗಿಸಿ, ಲಿವರ್ ರೋಗದಿಂದ ಪ್ಲೇಟ್‌ಲೆಟ್ ಕಡೆಗೆ ಎಂಆರ್ ಮಾಡಿದರೆ ಇಳಿಕೆ ಚೊಕ್ಕವಾಗಿ ಕಾಣುತ್ತದೆ. ಕೆಂಪುಕಣಕ್ಕೂ ಇದೇ ಬಲೆ, ಹೆಸರು ಮಾತ್ರ ಬೇರೆ: ಹಿಮೋಗ್ಲೋಬಿನ್ ಪಟ್ಟಿಯಲ್ಲಿ ಎಚ್‌ಎಫ್‌ಇ ಜೀನ್‌ನ ಆರ್‌ಎಸ್1800562 ಕೂತಿರುತ್ತದೆ, ಅದು ಕಬ್ಬಿಣ ತುಂಬಿಯೇ ಲಿವರ್ ಕೆಡಿಸುತ್ತದೆ.

ಬಿಳಿಕಣದ ಶೇಕಡಾವಾರು ಲಕ್ಷಣಗಳನ್ನು ಒಟ್ಟಿಗೆ ಬಹುಚರ ಎಂಆರ್‌ಗೆ ಹಾಕಿಯೂ ನೋಡಿದೆ. ಎಲ್ಲ ಸೇರಿ ನೂರಾಗಬೇಕಾದ್ದರಿಂದ ನ್ಯೂಟ್ರೋಫಿಲ್ ಏರಿದರೆ ಲಿಂಫೋಸೈಟ್‌ನಂಥ ಉಳಿದ ಕಣಗಳ ಪಾಲು ಇಳಿಯಲೇಬೇಕು. ಕಂಡೀಶನಲ್ ಎಫ್ (ಉಳಿದ ಲಕ್ಷಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಸ್ನಿಪ್‌ಗಳಿಗೆ ಉಳಿಯುವ ಬಲ) ಹತ್ತರ ಕೆಳಗೆ ಬಿತ್ತು, ಅಂದರೆ ದುರ್ಬಲ. ಶೇಕಡಾ ಬಿಟ್ಟು ನೇರ ಎಣಿಕೆ ಬಳಸಿದಾಗ ಎಫ್ ಮೇಲೆ ಬಂತು. ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತವನ್ನು ಮುಟ್ಟಲಿಲ್ಲ. ಸ್ನಿಪ್ ಅಂಶವನ್ನು ಏರಿಸಿತೋ ಛೇದವನ್ನು ಇಳಿಸಿತೋ ಎಂದು ಅದರಲ್ಲಿ ಗೊತ್ತಾಗುವುದೇ ಇಲ್ಲ.