ಮಿಲ್ಲಿನ ಕ್ಯಾಲ್ಕುಲೇಟರಿನಲ್ಲಿ ಹದಿನೇಳು ಒಂದುಗಳನ್ನು ಒಡೆದೆ

11111111111111111. ಎಣಿಸಿ ನೋಡಿ, 17 ಒಂದುಗಳಿವೆ. ಒಡೆಯೋದು ಅಂದರೆ ಯಾವ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತೆ ಅಂತ ಹುಡುಕೋದು. ಕಂಪ್ಯೂಟರು ಇದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಒಡೆಯುತ್ತದೆ, ಗೊತ್ತು. ನಾನು ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮೇಜಿನ ಮೇಲಿನ 12 ಅಂಕಿಯ ಕ್ಯಾಲ್ಕುಲೇಟರಿನಲ್ಲೇ ಒಡೆಯಬೇಕೆಂಬ ಹಟ ನನ್ನದು. "ಹನ್ನೆರಡರ ಡಬ್ಬ್ಯಾಗ ಹದಿನೇಳು ಹೆಂಗ ಹಿಡಸ್ತೀರಿ ಸರ?" ಅಂತ ನಮ್ಮ ತೂಕದ ಹುಡುಗ ನಕ್ಕಿದ್ದ.

ಮೊದಲು ಎಕ್ಸೆಲ್‌ನಲ್ಲಿ ಹಾಕಿ ಕೆಟ್ಟೆ. ಅದು 15 ಅಂಕಿ ಮಾತ್ರ ಇಟ್ಟುಕೊಂಡು ಕೊನೆಯ ಎರಡನ್ನು ಸೊನ್ನೆ ಮಾಡಿತ್ತು. ನಾನು ನೋಡಲೇ ಇಲ್ಲ. 4ರಿಂದ, 25ರಿಂದ ಭಾಗ ಹೋಗುತ್ತೆ ಅಂತ ಎಲ್ಲರಿಗೂ ಹೇಳಿಬಿಟ್ಟೆ. ಒಂದರಲ್ಲಿ ಮುಗಿಯುವ ಸಂಖ್ಯೆ! ವಾರಗಟ್ಟಲೆ ನಗೆಪಾಟಲು. ಆಮೇಲೆ 3, 7, 11 ಅಂತ ಸಾಲಾಗಿ ಹೊಡೆಯುತ್ತಾ ಎರಡು ತಿಂಗಳು ಕಳೆದೆ.

17 ಅವಿಭಾಜ್ಯ ಅಲ್ವಾ, ಹಾಗಾಗಿ ಅದರ ಎರಡರಷ್ಟು, ಅಂದರೆ 34ರ ಮಗ್ಗಿಗೆ ಒಂದು ಕೂಡಿಸಿದ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು: 103, 137, 239, 307... ಇದು ಹೊಳೆದ ಮೇಲೆ ಕೆಲಸ ಹಗುರಾಯಿತು. ಪಟ್ಟಿಯನ್ನು ಫೋನಿನಿಂದ ತೆಗೆದು 25 ಲಕ್ಷದವರೆಗೆ ಪ್ರಿಂಟ್ ಹಾಕಿಸಿದೆ. ಮೋಸ ಅನ್ನುವವರು ಅನ್ನಲಿ. ಹನ್ನೊಂದು ಸಾವಿರ ಚಿಲ್ಲರೆ ಬಂದವು. ಇನ್ನೊಂದು ಜರಡಿ ಹಾಕಿದೆ, ಅರ್ಧ ಉದುರಿದವು. ಆ ಜರಡಿ ಯಾವುದು ಅಂತ ಇಲ್ಲಿ ಬರೆಯಲ್ಲ. ಕೊನೆಯ ಮೂರು ಅಂಕಿ ನೋಡಿ, ಅಷ್ಟು ಹೇಳ್ತೀನಿ.

17 ಅಂಕಿಯನ್ನು ಒಂದೇ ಸಲ ಹಿಡಿಸಬೇಕಿಲ್ಲ. ಮೊದಲ 12 ಒಂದುಗಳನ್ನು ಭಾಗಿಸಿ, ಶೇಷದ ಮುಂದೆ ಉಳಿದ 11111 ಹಚ್ಚಿ ಮತ್ತೆ ಭಾಗಿಸಿ. ಭಾಜಕ ಏಳು ಅಂಕಿ ದಾಟದಿದ್ದರೆ ಎರಡೇ ಹೆಜ್ಜೆ. ಒಂದಕ್ಕೆ ಒಂದು ನಿಮಿಷ.

ಸಿಕ್ಕೇಬಿಟ್ಟಿತು ಅಂತ ಒಂದು ರಾತ್ರಿ ಕುಣಿದಿದ್ದೆ. ನೋಡಿದರೆ ತೌಡಿನ ಧೂಳು ಕೂತು '1' ಬಟನ್ನು ಒಂದು ಸಲ ಒತ್ತಿರಲೇ ಇಲ್ಲ, 11 ಒಂದುಗಳನ್ನೇ ಭಾಗಿಸಿದ್ದೆ. ಹೊಸ ಕ್ಯಾಲ್ಕುಲೇಟರಿಗೆ 450 ರೂಪಾಯಿ. ಆವತ್ತಿನಿಂದ 12 ಒಂದುಗಳನ್ನು ಮೆಮೊರಿಗೆ ಹಾಕಿಟ್ಟೆ. ಪ್ರಿಂಟು, ನೋಟ್‌ಬುಕ್ಕು ಎಲ್ಲಾ ಸೇರಿ ಎಂಟುನೂರರ ಮೇಲಾಯಿತು. ಮನೆಯಲ್ಲಿ ಮುನ್ನೂರು ಅಂತ ಹೇಳಿದ್ದೇನೆ.

ದಿನಾ ರಾತ್ರಿ ಒಂದು ಗಂಟೆ. ಸುಗ್ಗಿಯಲ್ಲಿ ಒಂದು ತಿಂಗಳು ಮುಟ್ಟಲೇ ಇಲ್ಲ. ನಡುವೆ ಬೇಜಾರಾಗಿ 13 ಒಂದುಗಳನ್ನು ಹಿಡಿದೆ, ಅದು 53, 79 ಅಂತ ಕೂತಲ್ಲೇ ಬಿಚ್ಚಿಕೊಂಡಿತು. 19 ಒಂದುಗಳ ಮೇಲೆ ಒಂದು ವಾರ ಸುರಿದೆ. ಅದು ಅವಿಭಾಜ್ಯ ಅಂತ ಆಮೇಲೆ ಗೊತ್ತಾಯಿತು! ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ಆಡಿಸುತ್ತಿದ್ದ ವರ್ಗಗಳನ್ನೂ ಬರೆದು ನೋಡಿದೆ: 121, 12321... ಒಂಬತ್ತು ಒಂದುಗಳ ವರ್ಗ 12345678987654321, ಅದೂ 17 ಅಂಕಿಯೇ. ಹತ್ತಕ್ಕೆ ಹೋದರೆ ದಶಕ ಬಂದು ಚಂದ ಕೆಡುತ್ತದೆ.

ಪಟ್ಟಿ ಹಿಡಿದು ನಾಲ್ಕನೇ ತಿಂಗಳು ಮುಗಿಯುತ್ತಿತ್ತು. 2071723 ಹಾಕಿದೆ. ಮೊದಲ ಸಲ 53632 ಬಂತು, ಶೇಷ 463175. ಮುಂದೆ 11111 ಹಚ್ಚಿ ಭಾಗಿಸಿದರೆ 22357, ಶೇಷ ಸೊನ್ನೆ. ಬಟನ್ನಿನ ಮೇಲೆ ಅನುಮಾನ, ಮೂರು ಸಲ ಮಾಡಿದೆ. ಎರಡೂ ಭಾಗಲಬ್ಧ ಜೋಡಿಸಿದರೆ ಇನ್ನೊಂದು ಅಪವರ್ತನ: 5363222357. ಅದು ಅವಿಭಾಜ್ಯ ಹೌದೋ ಅಲ್ಲವೋ ಅಂತ ಬೇರೆ ನೋಡಬೇಕಿಲ್ಲ. ಅದರೊಳಗೆ ಚಿಕ್ಕದು ಇದ್ದಿದ್ದರೆ ದಾರಿಯಲ್ಲೇ ಸಿಗಬೇಕಿತ್ತಲ್ಲ. ನನ್ನ ಪುಣ್ಯ, ಗ್ರಹಚಾರ ಕೆಟ್ಟಿದ್ದರೆ ಹತ್ತು ಕೋಟಿವರೆಗೆ ಹೋಗಬೇಕಿತ್ತು.

ತೂಕದ ಹುಡುಗನಿಗೆ ತೋರಿಸಿದೆ. ತಾನೇ ಒತ್ತಿ ನೋಡಿ, "ಇಪ್ಪತ್ತೊಂಬತ್ತು ಒಂದು ಮಾಡ್ರಿ ನೋಡೋಣ" ಅಂದ. ಅದಕ್ಕೆ 58ರ ಮಗ್ಗಿ. ಒಂದೇ ರಾತ್ರಿಯಲ್ಲಿ 3191 ಸಿಕ್ಕಿದೆ.