ಕೆಂಪು ಪೆಟ್ಟಿಗೆ, ನೀಲಿ ಪೆಟ್ಟಿಗೆ: ಎರಡು ಬಗೆಯ ಎಚ್‌ಡಿ ಡಿಸ್ಕ್‌ಗಳ ಜೊತೆ ನನ್ನ ಅನುಭವ

ನನ್ನ ಕಪಾಟಿನಲ್ಲಿ ಎರಡು ಸಾಲು ಡಿಸ್ಕ್‌ಗಳಿವೆ. ಒಂದು ಸಾಲು ನೀಲಿ ಪೆಟ್ಟಿಗೆಗಳದ್ದು, ಅವು ಬ್ಲೂ-ರೇ. ಇನ್ನೊಂದು ಸಾಲು ಕೆಂಪು ಪೆಟ್ಟಿಗೆಗಳದ್ದು, ಅವು ಎಚ್‌ಡಿ ಡಿವಿಡಿ. ಎರಡೂ ಮಾಮೂಲಿ ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಸಿನಿಮಾ ಡಿಸ್ಕ್‌ಗಳು, ಒಂದಕ್ಕೊಂದು ಪೈಪೋಟಿಗೆ ಬಂದವು. ಕೆಂಪು ಸಾಲಿನಲ್ಲಿ 34 ಇವೆ, ಎಲ್ಲವೂ 2006ರಿಂದ 2008ರ ಒಳಗೆ ಬಂದವು. ಈ ಎರಡೂ ಸಾಲುಗಳನ್ನು ಒಂದೇ ಕಂಪ್ಯೂಟರಿನಲ್ಲಿ ಓದಿಸಲು ಏನೇನು ಮಾಡಿದೆ, ಎಲ್ಲೆಲ್ಲಿ ಸಿಕ್ಕಿಬಿದ್ದೆ, ಈಗ ಕೆಂಪು ಡಿಸ್ಕ್‌ಗಳನ್ನು ಹೇಗೆ ಉಳಿಸಿಕೊಳ್ಳುತ್ತಿದ್ದೇನೆ ಅಂತ ಇಲ್ಲಿ ಬರೆಯುತ್ತೇನೆ. ನಿಮ್ಮ ಹತ್ತಿರವೂ ಕೆಂಪು ಪೆಟ್ಟಿಗೆ ಇದ್ದರೆ ಕೊನೆಯ ಭಾಗವನ್ನಾದರೂ ದಯವಿಟ್ಟು ಓದಿ. ಆ ಡಿಸ್ಕ್‌ಗಳ ಆಯಸ್ಸು ಜಾಸ್ತಿ ಉಳಿದಿಲ್ಲ.

ಶುರುವಾಗಿದ್ದು ಗೇಮ್ ಕನ್ಸೋಲಿನಿಂದ. 2006ರ ನವೆಂಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ 3 ಹೊಟ್ಟೆಯೊಳಗೇ ಬ್ಲೂ-ರೇ ಡ್ರೈವ್ ಇಟ್ಟುಕೊಂಡು ಬಂತು. ಅದೇ ತಿಂಗಳು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ಗೆ ಎಚ್‌ಡಿ ಡಿವಿಡಿ ಡ್ರೈವನ್ನು ಬೇರೆ ಪೆಟ್ಟಿಗೆಯಾಗಿ ಬಿಟ್ಟಿತು, ಅಮೆರಿಕದಲ್ಲಿ 199 ಡಾಲರ್. ಪ್ಲೇಸ್ಟೇಷನ್ ಬೆಲೆ ಅಲ್ಲಿ 499 ಮತ್ತು 599 ಡಾಲರ್ ಇತ್ತು. ನನ್ನ ಮನೆಯಲ್ಲಿ ಆಗಲೇ 360 ಇತ್ತು, ಹಾಗಾಗಿ ಯೋಚನೆ ಮಾಡುವಂಥದ್ದೇನೂ ಇರಲಿಲ್ಲ, ಡ್ರೈವ್ ತೆಗೆದುಕೊಂಡೆ. ಈ ಡ್ರೈವ್‌ನಲ್ಲಿ ಗೇಮ್ ಓಡುವುದಿಲ್ಲ, ಸಿನಿಮಾ ಮಾತ್ರ. 360ರ ಗೇಮ್‌ಗಳು ಕೊನೆಯವರೆಗೂ ಮಾಮೂಲಿ ಎರಡು ಪದರದ ಡಿವಿಡಿಯಲ್ಲೇ ಬಂದವು. ಆಗ ನನಗೆ ಅದು ದೊಡ್ಡ ವಿಷಯ ಅನಿಸಲಿಲ್ಲ.

ಆ ಡ್ರೈವ್‌ನ ಹಿಂದೆ ಇದ್ದದ್ದು ಒಂದು ಸಾದಾ ಯುಎಸ್‌ಬಿ ಕಿಂಡಿ. ಯುಎಸ್‌ಬಿ ಅಂದಮೇಲೆ ಕಂಪ್ಯೂಟರಿಗೂ ಚುಚ್ಚಬಹುದು ಅಲ್ವಾ? ಚುಚ್ಚಿದೆ. ವಿಂಡೋಸ್ ಎಕ್ಸ್‌ಪಿ ಡ್ರೈವನ್ನು ಗುರುತು ಹಿಡಿಯಿತು, ಆದರೆ ಡಿಸ್ಕ್ ಹಾಕಿದರೆ ಒಳಗೆ ಏನಿದೆ ಅಂತ ತೋರಿಸಲಿಲ್ಲ. ಕಾರಣ ಗೊತ್ತಾಗಲು ಎರಡು ಸಂಜೆ ಹಿಡಿಯಿತು. ಎಚ್‌ಡಿ ಡಿವಿಡಿ, ಬ್ಲೂ-ರೇ ಎರಡೂ ಬಳಸುವುದು ಯುಡಿಎಫ್ 2.5 ಎಂಬ ಫೈಲ್ ವ್ಯವಸ್ಥೆ, ಎಕ್ಸ್‌ಪಿಗೆ ಅದು ಬರುವುದಿಲ್ಲ. ಬೇರೆ ಡ್ರೈವರ್ ಹಾಕಬೇಕು, ಇಲ್ಲವೇ ಮುಂದಿನ ವಿಂಡೋಸ್ ಆದ ವಿಸ್ಟಾಗೆ ಹೋಗಬೇಕು. ನಾನು ವಿಸ್ಟಾ ಹಾಕಿದೆ, ಡಿಸ್ಕ್ ತೆರೆಯಿತು. ಒಳಗೆ ಎಚ್‌ವಿಡಿವಿಡಿ_ಟಿಎಸ್ ಅಂತ ಒಂದು ಫೋಲ್ಡರ್, ಅದರಲ್ಲಿ ಇವಿಒ ಎಂಬ ದೊಡ್ಡ ದೊಡ್ಡ ಫೈಲುಗಳು. ಅಷ್ಟು ನೋಡಿದ್ದಕ್ಕೇ ಆವತ್ತು ತುಂಬಾ ಖುಷಿಯಾಗಿತ್ತು.

ಆದರೆ ಸಿನಿಮಾ ಹಾಕಿದರೆ ಪರದೆ ಕಪ್ಪು. ತಂತ್ರಾಂಶ ಹೇಳಿದ್ದು, ನಿಮ್ಮ ಮಾನಿಟರ್ ಎಚ್‌ಡಿಸಿಪಿ ಒಪ್ಪುವುದಿಲ್ಲ ಅಂತ. ಎಚ್‌ಡಿಸಿಪಿ ಅಂದರೆ ಕೇಬಲ್‌ನಲ್ಲಿ ಹೋಗುವ ಚಿತ್ರವನ್ನು ಯಾರೂ ನಕಲು ಮಾಡದಂತೆ ಕಾಯುವ ವ್ಯವಸ್ಥೆ. ಎರಡೂ ಬಗೆಯ ಡಿಸ್ಕ್‌ಗಳಿಗೆ ನಕಲು ತಡೆಯಲು ಎಎಸಿಎಸ್ ಎಂಬ ಒಂದೇ ಬೀಗ. ಆ ಬೀಗದ ಜೊತೆಗೆ ಬಂದ ನಿಯಮ ಏನಂದರೆ, ಡಿಜಿಟಲ್ ಕೇಬಲ್‌ನಲ್ಲಿ ಚಿತ್ರ ಹೋಗಬೇಕಾದರೆ ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಎರಡೂ ಎಚ್‌ಡಿಸಿಪಿ ಕೈಕುಲುಕಬೇಕು. ನನ್ನ ಮಾನಿಟರಿನ ಡಿವಿಐ ಎಂಬ ಡಿಜಿಟಲ್ ಕಿಂಡಿಗೆ ಅದು ಇರಲಿಲ್ಲ. ಹಟಕ್ಕೆ ಬಿದ್ದು ಇದ್ದ ಕೇಬಲ್‌ಗಳನ್ನೆಲ್ಲ ಹಾಕಿ ನೋಡಿದೆ. ಕೊನೆಗೆ ಕೆಲಸ ಮಾಡಿದ್ದು ಹಳೆಯ ನೀಲಿ ತಲೆಯ ವಿಜಿಎ ಕೇಬಲ್. ಅನಲಾಗ್ ದಾರಿಗೆ ಆ ಕಟ್ಟುಪಾಡು ಇರಲಿಲ್ಲ, ಚಿತ್ರ ಪೂರ್ತಿ ಗಾತ್ರದಲ್ಲೇ ಬಂತು. ಹಣ ಕೊಟ್ಟು ಕೊಂಡ ಡಿಸ್ಕನ್ನು ನನ್ನದೇ ಕಂಪ್ಯೂಟರಿನಲ್ಲಿ ನೋಡಲು ಹಿಂಬಾಗಿಲಿನಿಂದ ಹೋಗಬೇಕಾಯಿತು, ಅದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ.

ಚಿತ್ರ ಬಂತು, ಆದರೆ ಮುಗ್ಗರಿಸುತ್ತಿತ್ತು. ಎರಡು ಕೋರ್‌ಗಳ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಇಲ್ಲಿ ಒಂದು ವಿಷಯ ಕಲಿತೆ, ಆಗ ಕಾರ್ಡ್ ಕೊಳ್ಳುವವರಿಗೆ ಇದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ನನ್ನ ಎಚ್‌ಡಿ ಡಿವಿಡಿಗಳಲ್ಲಿ ಹೆಚ್ಚಿನವು ವಿಸಿ-1 ಎಂಬ, ಚಿತ್ರವನ್ನು ಕುಗ್ಗಿಸಿಡುವ ಸಂಕೇತದಲ್ಲಿದ್ದವು. ಆಗಿನ ಜಿಫೋರ್ಸ್ 8600 ಗ್ರಾಫಿಕ್ಸ್ ಕಾರ್ಡ್ ಎಚ್.264 ಎಂಬ ಇನ್ನೊಂದು ಸಂಕೇತವನ್ನು ಬಿಡಿಸುವ ಕೆಲಸ ಪೂರ್ತಿ ತಾನೇ ಮಾಡುತ್ತಿತ್ತು, ವಿಸಿ-1 ಬಂದರೆ ಒಂದಷ್ಟು ಭಾರ ಪ್ರೊಸೆಸರಿಗೇ ಬಿಡುತ್ತಿತ್ತು. ರೇಡಿಯಾನ್ ಎಚ್‌ಡಿ 2600 ಎಂಬ ಇನ್ನೊಂದು ಕಾರ್ಡ್ ಎರಡನ್ನೂ ಪೂರ್ತಿ ಹೊರುತ್ತಿತ್ತು. ನಾನು ರೇಡಿಯಾನ್ ಹಾಕಿದೆ. ಮುಗ್ಗರಿಸುವುದು ಅಲ್ಲಿಗೇ ನಿಂತಿತು.

2007ರ ಕೊನೆಗೆ ಪ್ಲೇಸ್ಟೇಷನ್ 3 ಕೂಡ ಮನೆಗೆ ಬಂತು. ತಂದದ್ದು ಗೇಮ್‌ಗೋಸ್ಕರ, ಸಿನಿಮಾಗಲ್ಲ. ಆದರೆ ಡ್ರೈವ್ ಒಳಗಿದೆ ಅಂತ ಒಂದು ಬ್ಲೂ-ರೇ ತಂದೆ, ಆಮೇಲೆ ಇನ್ನೊಂದು, ಮತ್ತೊಂದು. ಕೆಂಪು-ನೀಲಿ ಪೈಪೋಟಿ ಹೇಗೆ ಮುಗಿಯಿತು ಅಂದರೆ ಜನ ಸಿನಿಮಾ ಸ್ಟುಡಿಯೋಗಳು ಯಾವ ಕಡೆ ಸೇರಿದವು ಎಂಬ ಕಥೆ ಹೇಳುತ್ತಾರೆ, ಅದು ನಿಜವೇ. ಆದರೆ ನನ್ನ ಮನೆಯಲ್ಲಿ ನಡೆದದ್ದು ಇಷ್ಟೇ: ಬೇರೆ ಪೆಟ್ಟಿಗೆ ಕೊಳ್ಳದೆ, ಬೇರೆ ತಂತಿ ಎಳೆಯದೆ ನೀಲಿ ಡಿಸ್ಕ್ ಓಡಿತು. ಅಷ್ಟೇ ಅಲ್ಲ, ಬ್ಲೂ-ರೇ ನಿಯಮಗಳು ಆಗ ಇನ್ನೂ ಬೆಳೆಯುತ್ತಿದ್ದವು, ಪ್ರೊಫೈಲ್ 1.1, 2.0 ಅಂತ. ಮೊದಮೊದಲ ಪ್ಲೇಯರ್ ಕೊಂಡ ಎಷ್ಟೋ ಜನರಿಗೆ ಹೊಸ ಸೌಲಭ್ಯ ಸಿಗಲೇ ಇಲ್ಲ. ಪ್ಲೇಸ್ಟೇಷನ್‌ಗೆ ಮಾತ್ರ ಅವು ಸುಮ್ನೆ ಒಂದು ಅಪ್‌ಡೇಟ್‌ನಲ್ಲಿ ಬಂದುಬಿಟ್ಟವು.

ಜಾಗದ ಲೆಕ್ಕ ಕಣ್ಣಿಗೆ ಬಿದ್ದದ್ದೂ ಗೇಮ್‌ಗಳಲ್ಲೇ. ಬ್ಲೂ-ರೇ ಒಂದು ಪದರಕ್ಕೆ 25 ಜಿಬಿ, ಎಚ್‌ಡಿ ಡಿವಿಡಿ 15 ಜಿಬಿ, ಎರಡು ಪದರದ ಮಾಮೂಲಿ ಡಿವಿಡಿ 8.5 ಜಿಬಿ. ಫೈನಲ್ ಫ್ಯಾಂಟಸಿ 13 ಪ್ಲೇಸ್ಟೇಷನ್‌ನಲ್ಲಿ ಒಂದೇ ಡಿಸ್ಕ್, 360ರಲ್ಲಿ ಮೂರು. ನಡುವೆ ಎದ್ದು ಹೋಗಿ ಡಿಸ್ಕ್ ಬದಲಿಸಿದವರಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು. ಹಾಗಂತ ಬ್ಲೂ-ರೇಯಲ್ಲಿ ಎಲ್ಲವೂ ಸಲೀಸಾಗಿರಲಿಲ್ಲ. ಪ್ಲೇಸ್ಟೇಷನ್ 3ರ ಡ್ರೈವ್ 2ಎಕ್ಸ್ ವೇಗದ್ದು, ಸೆಕೆಂಡಿಗೆ 9 ಎಂಬಿ ಅಷ್ಟೇ, ಹಾಗಾಗಿ ಎಷ್ಟೋ ಗೇಮ್‌ಗಳು ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುತ್ತಾ ಕೂರುತ್ತಿದ್ದವು.

2008ರ ಜನವರಿ 4ರಂದು ಸಿನಿಮಾ ಸ್ಟುಡಿಯೋ ವಾರ್ನರ್ ಇನ್ನು ಬ್ಲೂ-ರೇ ಮಾತ್ರ ಅಂತ ಹೇಳಿತು. ಫೆಬ್ರವರಿ 19ರಂದು, ಎಚ್‌ಡಿ ಡಿವಿಡಿಯ ಹಿಂದಿದ್ದ ಮುಖ್ಯ ಕಂಪನಿ ತೋಷಿಬಾ ಅದನ್ನು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಎಕ್ಸ್‌ಬಾಕ್ಸ್ ಡ್ರೈವ್ ಕೂಡ ನಿಂತಿತು, ಉಳಿದ ಮಾಲು ಅಮೆರಿಕದಲ್ಲಿ 50 ಡಾಲರ್‌ಗೆ ಹೋಯಿತು. ಆಗ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಕೆಂಪು ಡಿಸ್ಕ್‌ಗಳನ್ನು ಮಾರಲಿಲ್ಲ, ಜೊತೆಗೆ ಕಂಪ್ಯೂಟರಿಗೆ ಎಲ್‌ಜಿಯ ಜಿಜಿಸಿ-ಎಚ್20ಎಲ್ ಡ್ರೈವ್ ಹಾಕಿದೆ. ಕಂಪ್ಯೂಟರಿನ ಒಳಗೆ ಸಾಟಾ ತಂತಿಗೆ ಸೇರಿಸುವ ಡ್ರೈವ್, ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎರಡನ್ನೂ ಓದುತ್ತದೆ. ಈಗ ಹೊಸದಾಗಿ ಬರುವ ಬ್ಲೂ-ರೇ ಡ್ರೈವ್‌ಗಳು ಎಚ್‌ಡಿ ಡಿವಿಡಿ ಓದುವುದಿಲ್ಲ. ಹಾಗಾಗಿ ಕೆಂಪು ಡಿಸ್ಕ್ ಇದ್ದವರು ಇಂಥ ಒಂದು ಹಳೆಯ ಡ್ರೈವನ್ನು, ಸಾಧ್ಯವಾದರೆ ಎರಡನ್ನು, ಹುಡುಕಿ ಇಟ್ಟುಕೊಳ್ಳಲೇಬೇಕು.

ಈಗ ಮುಖ್ಯ ವಿಷಯ. ಕೆಲವು ವರ್ಷ ಕೆಂಪು ಸಾಲನ್ನು ಮುಟ್ಟಿರಲಿಲ್ಲ. ಒಂದು ದಿನ ಒಂದು ಡಿಸ್ಕ್ ಹಾಕಿದರೆ ಸಿನಿಮಾ ಸರಿಯಾಗಿ ಅರ್ಧಕ್ಕೆ ನಿಂತಿತು. ಮೇಲೆ ಒಂದು ಗೀರೂ ಇಲ್ಲ, ಬೆರಳಚ್ಚೂ ಇಲ್ಲ. ದೀಪದ ಕೆಳಗೆ ಓರೆ ಹಿಡಿದು ನೋಡಿದಾಗ ಹೊರ ಅಂಚಿನಲ್ಲಿ, ಒಂದು ಬೆರಳಿನಷ್ಟು ಉದ್ದಕ್ಕೆ, ಮಂಜು ಕವಿದ ಹಾಗೆ ತೆಳ್ಳಗೆ ಮಸುಕು ಕಾಣಿಸಿತು. ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ, ಯಾಕಂದರೆ ಅದು ಮೇಲಿಲ್ಲ, ಒಳಗಿದೆ.

ಇದು ಡಿಸ್ಕ್ ಕಟ್ಟಿದ ರೀತಿಯಿಂದ ಬರುವ ಕಾಯಿಲೆ. ಎರಡೂ ಬಗೆಗೆ 405 ನ್ಯಾನೋಮೀಟರ್‌ನ ಒಂದೇ ನೀಲಿ-ನೇರಳೆ ಲೇಸರ್. ಬ್ಲೂ-ರೇಯಲ್ಲಿ ಮಾಹಿತಿ ಮೇಲ್ಮೈಯಿಂದ 0.1 ಮಿಲಿಮೀಟರ್ ಆಳದಲ್ಲೇ ಇರುತ್ತದೆ, ಅದಕ್ಕೇ ಮೇಲೆ ಗಟ್ಟಿ ಲೇಪ ಬೇಕಾಯಿತು. ಎಚ್‌ಡಿ ಡಿವಿಡಿ ಮಾತ್ರ ಹಳೆಯ ಡಿವಿಡಿಯ ಹಾಗೇ: 0.6 ಮಿಲಿಮೀಟರ್‌ನ ಎರಡು ಬಿಲ್ಲೆ, ನಡುವೆ ಅಂಟು, ಮಾಹಿತಿ ಇರುವುದು ಅಂಟಿನ ಹತ್ತಿರ. ಡಿವಿಡಿ ಕಾರ್ಖಾನೆಗಳು ಹೆಚ್ಚು ಬದಲಾವಣೆ ಇಲ್ಲದೆ ಇದನ್ನು ತಯಾರಿಸಬಹುದಿತ್ತು, ಆವತ್ತು ಅದೇ ಇದರ ದೊಡ್ಡ ಬಲ. ಆದರೆ ಡಿವಿಡಿಯಲ್ಲಿ ಮಾಹಿತಿಯ ಸಾಲಿನಿಂದ ಸಾಲಿಗೆ 0.74 ಮೈಕ್ರಾನ್ ಅಂತರ ಇದ್ದರೆ ಇಲ್ಲಿ 0.40. ಅಂಟು ಸ್ವಲ್ಪ ಬಿಟ್ಟರೂ ಸಾಕು, ಓದುವುದು ಕಷ್ಟವಾಗುತ್ತದೆ. ನನ್ನ 34ರಲ್ಲಿ ಹೀಗೆ ಕೈಕೊಟ್ಟದ್ದು 5, ಐದೂ ಒಂದೇ ಸ್ಟುಡಿಯೋದವು.

ಅರ್ಧಕ್ಕೇ ಯಾಕೆ ನಿಂತಿತು ಅಂದರೆ, ಎರಡು ಪದರದ ಡಿಸ್ಕಿನಲ್ಲಿ ಲೇಸರ್ ಮೊದಲ ಪದರವನ್ನು ಒಳಗಿನಿಂದ ಅಂಚಿನವರೆಗೆ ಓದಿ, ಎರಡನೆಯದನ್ನು ಅಂಚಿನಿಂದ ಒಳಕ್ಕೆ ಓದುತ್ತಾ ಬರುತ್ತದೆ. ಅಂಚು ಹಾಳಾದರೆ ಸಿನಿಮಾದ ನಡುಭಾಗ ಹೋಗುತ್ತದೆ. ಹಾಗಾಗಿ ಡಿಸ್ಕ್ ಸರಿ ಇದೆಯಾ ಅಂತ ನೋಡಲು ಮೊದಲ ಹತ್ತು ನಿಮಿಷ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ನಡುವಿಗೆ ಹೋಗಿ ನೋಡಿ.

ಉಳಿಸಿಕೊಳ್ಳಲು ನಾನು ಬಳಸುವುದು ಲಿನಕ್ಸ್‌ನ ಡಿಡಿರೆಸ್ಕ್ಯೂ, ಹಾಳಾದ ಡಿಸ್ಕಿನಿಂದ ಮಾಹಿತಿ ಎತ್ತುವ ತಂತ್ರಾಂಶ. ಸೆಕ್ಟರ್, ಅಂದರೆ ಡಿಸ್ಕಿನಲ್ಲಿ ಮಾಹಿತಿಯ ಒಂದೊಂದು ತುಂಡು, ಅದರ ಅಳತೆ 2048 ಬೈಟ್ ಅಂತ ಹೇಳಿ ಓಡಿಸಬೇಕು. ಡಿಡಿರೆಸ್ಕ್ಯೂ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಸಿಗದ ಸೆಕ್ಟರ್‌ಗಳ ಲೆಕ್ಕವನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಇದರ ದೊಡ್ಡ ಉಪಯೋಗ ಇಲ್ಲಿದೆ: ಅದೇ ಫೈಲ್ ಇಟ್ಟುಕೊಂಡು ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿದರೆ, ಬಿಟ್ಟುಹೋದವನ್ನು ಮಾತ್ರ ಮತ್ತೆ ಓದಲು ನೋಡುತ್ತದೆ. ಎಲ್‌ಜಿ ಡ್ರೈವ್ ಓದದೆ ಬಿಟ್ಟ ಎಷ್ಟೋ ಸೆಕ್ಟರ್‌ಗಳನ್ನು ಆ ಹಳೆಯ ಎಕ್ಸ್‌ಬಾಕ್ಸ್ ಡ್ರೈವ್ ಓದಿಕೊಟ್ಟಿತು. ಐದರಲ್ಲಿ ಮೂರು ಡಿಸ್ಕ್ ಪೂರ್ತಿ ಸಿಕ್ಕವು, ಒಂದರಲ್ಲಿ ಕೆಲವು ಸೆಕೆಂಡು ಚಿತ್ರ ಹೋಯಿತು, ಒಂದು ಉಳಿಯಲಿಲ್ಲ. 1ಎಕ್ಸ್ ವೇಗದಲ್ಲಿ ಓದಿದರೆ ಚೆನ್ನಾಗಿರುವ 30 ಜಿಬಿ ಡಿಸ್ಕಿಗೇ ಎರಡು ಗಂಟೆಯ ಹತ್ತಿರ ಬೇಕು, ಕೆಟ್ಟ ಡಿಸ್ಕಿಗೆ ಇಡೀ ರಾತ್ರಿ ಬಿಡುತ್ತೇನೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಹೀಗೆ ತೆಗೆದ ಪ್ರತಿಯ ಮೇಲೆ ಬೀಗ ಹಾಗೇ ಇರುತ್ತದೆ. ಬೀಗ ತೆಗೆಯಲು ಬೇಕಾದ ಡಿಸ್ಕಿನ ಗುರುತು ಸಂಖ್ಯೆ ಈ ಪ್ರತಿಯಲ್ಲಿ ಬರುವುದಿಲ್ಲ, ಡಿಸ್ಕ್ ಡ್ರೈವ್‌ನಲ್ಲಿ ಇದ್ದಾಗ ಮಾತ್ರ ಅದನ್ನು ಓದಬಹುದು. ಪ್ರತಿ ಆಯಿತಲ್ಲ ಅಂತ ಡಿಸ್ಕ್ ಬಿಸಾಡಬೇಡಿ. ಸ್ವಂತ ಡಿಸ್ಕಿನ ಪ್ರತಿ ಮಾಡಿಕೊಳ್ಳುವ ಬಗ್ಗೆ ಕಾನೂನು ಎಲ್ಲ ದೇಶಗಳಲ್ಲೂ ಒಂದೇ ತರ ಇಲ್ಲ, ಅದನ್ನೂ ನೋಡಿಕೊಳ್ಳಿ.

ನಾನು ಪ್ರತಿ ಆದ ಡಿಸ್ಕಿನ ಪೆಟ್ಟಿಗೆಯೊಳಗೆ ಒಂದು ಚೀಟಿ ಇಡುತ್ತೇನೆ: ತಾರೀಕು, ಯಾವ ಡ್ರೈವ್, ಎಷ್ಟು ಸೆಕ್ಟರ್ ಸಿಗಲಿಲ್ಲ. ಚೀಟಿ ಇಲ್ಲದ ಕೆಂಪು ಪೆಟ್ಟಿಗೆಗಳು ಇನ್ನು ಏಳು ಉಳಿದಿವೆ. ಅದರಲ್ಲಿ ಒಂದು ಈಗ ಎಕ್ಸ್‌ಬಾಕ್ಸ್ ಡ್ರೈವ್‌ನಲ್ಲಿ ಓಡುತ್ತಿದೆ, ನಡುಭಾಗಕ್ಕೆ ಇನ್ನೂ ಬಂದಿಲ್ಲ.