ನಿಯೋ-ವೆಸ್ಟರ್ನ್ ಚಿತ್ರಕಥೆ ಬರೆಯುವುದು ಹೇಗೆ: ಮೊದಲು ಜಮೀನು, ಆಮೇಲೆ ಬಂದೂಕು

ಚಿತ್ರಕಥೆಗಳನ್ನು ಓದಿ ತಿದ್ದಿಕೊಡುವುದು ನನ್ನ ಕೆಲಸ. ನಿಯೋ-ವೆಸ್ಟರ್ನ್, ಅಂದರೆ ಹಳೆಯ ಕೌಬಾಯ್ ಚಿತ್ರಗಳ (ವೆಸ್ಟರ್ನ್) ಧಾಟಿಯನ್ನು ಇತ್ತೀಚಿನ ಕಾಲಕ್ಕೆ ತಂದದ್ದು, ಅಂತ ಬರುವ ಕಥೆಗಳಲ್ಲಿ ಕೌಬಾಯ್ ಟೋಪಿ, ಬೂಟು, ಪಿಕಪ್ ಟ್ರಕ್ ಮೊದಲ ಪುಟದಲ್ಲೇ ಸಿಗುತ್ತವೆ. ನಾನು ಹುಡುಕುವುದು ಬೇರೆ: ಈ ಜಮೀನು ಮೊದಲು ಯಾರದಾಗಿತ್ತು, ಈಗ ಯಾರ ಕೈಗೆ ಹೋಗುತ್ತಿದೆ? ನೀವು ಅಲ್ಲಿಂದಲೇ ಶುರು ಮಾಡಿ.

ಹಳೆಯ ವೆಸ್ಟರ್ನ್‌ಗಳಲ್ಲಿ ಊರಿಗೆ ಕಾನೂನು ಇನ್ನೂ ಸರಿಯಾಗಿ ಕಾಲಿಟ್ಟಿರುವುದಿಲ್ಲ. ಬಂದೂಕು ಹಿಡಿದವನೇ ನ್ಯಾಯ ತೀರಿಸುತ್ತಾನೆ. ನಿಯೋ-ವೆಸ್ಟರ್ನ್‌ನಲ್ಲಿ ಕಾನೂನು ಬಂದು ಎಷ್ಟೋ ಕಾಲವಾಗಿದೆ, ಆದರೂ ನ್ಯಾಯ ಸಿಕ್ಕಿಲ್ಲ. 2016ರ ‘ಹೆಲ್ ಆರ್ ಹೈ ವಾಟರ್’ ನೋಡಿ. ಕಥೆ ನಡೆಯುವುದು ಪಶ್ಚಿಮ ಟೆಕ್ಸಸ್‌ನಲ್ಲಿ. ಸತ್ತುಹೋದ ತಾಯಿಯ ರ‍್ಯಾಂಚ್ (ದನ ಸಾಕುವ ದೊಡ್ಡ ಜಮೀನು) ಸಾಲಕ್ಕೆ ಮುಳುಗುತ್ತಿದೆ. ಅದರ ಕೆಳಗೆ ತೈಲವಿದೆ. ಅಣ್ಣತಮ್ಮ ಇಬ್ಬರೂ ಸಾಲ ಕೊಟ್ಟ ಬ್ಯಾಂಕಿನ ಶಾಖೆಗಳನ್ನೇ ದೋಚಿ, ಆ ದುಡ್ಡಿನಲ್ಲೇ ಅದರ ಸಾಲ ತೀರಿಸುತ್ತಾರೆ. ಎದುರಾಳಿ ಇಲ್ಲಿ ಒಂದು ಸಾಲಪತ್ರ. ಅದಕ್ಕೆ ಗುಂಡು ಹೊಡೆಯೋಕಾಗಲ್ಲ, ಅಲ್ವಾ?

ಅದೇ ಚಿತ್ರದಲ್ಲಿ ಕೊಮಾಂಚೆ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಮೂಲದ ಪೊಲೀಸ್ ಅಧಿಕಾರಿಯೊಬ್ಬ ಬ್ಯಾಂಕಿನ ಎದುರು ಕೂತು ಮಾತಾಡುತ್ತಾನೆ. ಈ ನೆಲ ನಮ್ಮ ಹಿರಿಯರದಾಗಿತ್ತು, ಈ ಜನರ ಅಜ್ಜಂದಿರು ಕಿತ್ತುಕೊಂಡರು, ಈಗ ಇವರಿಂದ ಬ್ಯಾಂಕು ಕಿತ್ತುಕೊಳ್ಳುತ್ತಿದೆ ಎಂಬ ಅರ್ಥದ ಮಾತು. ಇಡೀ ಪ್ರಕಾರದ ಜೀವ ಆ ದೃಶ್ಯದಲ್ಲಿದೆ ಅನ್ನುವುದು ನನ್ನ ನಂಬಿಕೆ. ಮೂಲನಿವಾಸಿಗಳನ್ನು, ಮೆಕ್ಸಿಕನ್ನರನ್ನು ಸುಮ್ನೆ ಹಿನ್ನೆಲೆಗೆ ನಿಲ್ಲಿಸಬೇಡಿ. ಅವರಿಗೂ ಈ ನೆಲದ ಲೆಕ್ಕ ಗೊತ್ತು.

ಇನ್ನು ನೆಲವನ್ನು ತೋರಿಸುವ ಬಗೆ. ದೊಡ್ಡ ಬಯಲು, ಅದರಲ್ಲಿ ಚಿಕ್ಕದಾಗಿ ಒಬ್ಬ ಮನುಷ್ಯ: ಈ ವೈಡ್ ಶಾಟ್ ಎಲ್ಲರೂ ಬರೆಯುತ್ತಾರೆ. ಅಷ್ಟು ಸಾಲದು. ಆ ನೆಲ ಕಥೆಯಲ್ಲಿ ಏನಾದರೂ ಮಾಡಬೇಕು. 2017ರ ‘ವಿಂಡ್ ರಿವರ್’ನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಚಳಿಯೇ ಒಬ್ಬ ಹುಡುಗಿಯ ಸಾವಿಗೆ ಕಾರಣವಾಗುತ್ತದೆ. ಹಿಮದ ಮೇಲಿನ ಹೆಜ್ಜೆಗುರುತೇ ಸಾಕ್ಷಿ. ಹಾಗಾಗಿ ಮರುಭೂಮಿಯೇ ಬೇಕು ಅಂತೇನಿಲ್ಲ.

ಶಬ್ದವನ್ನೂ ಚಿತ್ರಕಥೆಯಲ್ಲೇ ಬರೆಯಿರಿ. 2007ರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ನಲ್ಲಿ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಗಾಳಿ, ಬೂಟಿನ ಸದ್ದು, ದುಡ್ಡಿನ ಪೆಟ್ಟಿಗೆಯನ್ನು ಪತ್ತೆ ಹಚ್ಚುವ ಯಂತ್ರದ ಬೀಪ್, ಇವೇ ಎದೆ ನಡುಗಿಸುತ್ತವೆ. ‘ಭಯಾನಕ ಸಂಗೀತ’ ಅಂತ ಬರೆದ ಕಡೆಯೆಲ್ಲ ಹೊಡೆದುಹಾಕಿ.

ಮಾತು ಕಡಿಮೆ ಇರಲಿ. ಪಾತ್ರಗಳು ದನ, ಮಳೆ, ಊಟದ ಬಗ್ಗೆ ಮಾತಾಡಲಿ, ಮನಸ್ಸಿನಲ್ಲಿರುವುದು ಹೊರಗೆ ಬರದಿರಲಿ.

ಹಿಂಸೆ ಬೇಗ ಮುಗಿಯಬೇಕು, ಅದರ ಪರಿಣಾಮ ಜಾಸ್ತಿ ಹೊತ್ತು ಉಳಿಯಬೇಕು. ‘ನೋ ಕಂಟ್ರಿ’ಯಲ್ಲಿ ದುಡ್ಡು ಹೊತ್ತು ಓಡುವವನ ಸಾವನ್ನು ತೋರಿಸುವುದೇ ಇಲ್ಲ. ವಯಸ್ಸಾದ ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ತಡವಾಗಿ ಬಂದು ಹೆಣ ನೋಡುತ್ತಾನೆ. ಈ ತಡವಾಗುವುದನ್ನು ನಿಮ್ಮ ಕಥೆಯಲ್ಲೂ ಇಟ್ಟುಕೊಳ್ಳಿ.

ಕೊನೆಯಲ್ಲಿ ಇಬ್ಬರು ಎದುರುಬದುರು ನಿಲ್ಲುವ ದೃಶ್ಯ ಬಂದೇ ಬರುತ್ತದೆ. ಬರಲಿ. ಆದರೆ ‘ಹೆಲ್ ಆರ್ ಹೈ ವಾಟರ್’ನಂತೆ ಇಬ್ಬರೂ ಮನೆ ಜಗಲಿಯಲ್ಲಿ ಮಾತಾಡಲಿ, ಅಷ್ಟರಲ್ಲಿ ಒಬ್ಬನ ಮಾಜಿ ಹೆಂಡತಿ, ಮಕ್ಕಳು ಬಂದುಬಿಡಲಿ. ಗುಂಡು ಹಾರದಿದ್ದರೂ ಲೆಕ್ಕ ಬಾಕಿ ಇದೆ ಅಂತ ನೋಡುವವರಿಗೆ ಗೊತ್ತಾದರೆ, ದೃಶ್ಯವನ್ನು ಅಲ್ಲೇ ಕತ್ತರಿಸಿ.